ಹತ್ತು ಇನಿಂಗ್ಸ್, ಒಂದೂ ರನ್ ಇಲ್ಲ

ನಮಸ್ಕಾರ ಎಲ್ಲರಿಗೂ. ಇವತ್ತು ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಇದ್ದೇನೆ. ಎದುರಿಗೆ ಕಾಣುತ್ತಿರುವ ಈ ದೊಡ್ಡ ಗಾಜಿನ ಕಟ್ಟಡ ಯು.ಎಸ್. ಬ್ಯಾಂಕ್ ಸ್ಟೇಡಿಯಂ. ಆದರೆ ನಾನು ಬಂದಿರುವುದು ಇದಕ್ಕಲ್ಲ, ಒಂದು ಹಳೆಯ ಬೇಸ್‌ಬಾಲ್ ಪಂದ್ಯದ ನೆನಪಿಗೆ. ಮೊದಲು ಇದೇ ಜಾಗದಲ್ಲಿ ಮೆಟ್ರೋಡೋಮ್ ಅನ್ನುವ ಕ್ರೀಡಾಂಗಣ ಇತ್ತು. ಅದರ ಚಾವಣಿಗೆ ಕಂಬಗಳೇ ಇರಲಿಲ್ಲ, ಒಳಗಿನ ಗಾಳಿಯ ಒತ್ತಡಕ್ಕೇ ಬಲೂನಿನ ಹಾಗೆ ಉಬ್ಬಿ ನಿಂತಿರುತ್ತಿತ್ತು. 2014ರಲ್ಲಿ ಕೆಡವಿದರು.

1991ರ ಅಕ್ಟೋಬರ್ 27ರ ರಾತ್ರಿ ಇಲ್ಲಿ ವರ್ಲ್ಡ್ ಸೀರೀಸ್‌ನ, ಅಂದರೆ ಅಮೆರಿಕದ ಬೇಸ್‌ಬಾಲ್ ಫೈನಲ್ ಸರಣಿಯ, ಏಳನೇ ಹಾಗೂ ಕೊನೆಯ ಪಂದ್ಯ. ಮಿನೆಸೋಟ ಟ್ವಿನ್ಸ್ ಮತ್ತು ಅಟ್ಲಾಂಟ ಬ್ರೇವ್ಸ್ ಮೂರು ಮೂರು ಗೆದ್ದು ಸಮ ಆಗಿದ್ದವು. ಟ್ವಿನ್ಸ್ ಪಿಚರ್, ಅಂದರೆ ಚೆಂಡು ಎಸೆಯುವವನು, ಜಾಕ್ ಮಾರಿಸ್‌ಗೆ 36 ವರ್ಷ. ಪಕ್ಕದ ಸೇಂಟ್ ಪಾಲ್ ಊರಿನವನೇ. ಆ ಸೀರೀಸ್‌ನಲ್ಲಿ ಅದು ಅವನ ಮೂರನೇ ಪಂದ್ಯ. ಹಿಂದಿನದಕ್ಕೂ ಇದಕ್ಕೂ ನಡುವೆ ಸಿಕ್ಕ ಬಿಡುವು ಮೂರೇ ದಿನ.

ಕ್ರಿಕೆಟ್‌ನಲ್ಲಿ ಬೌಲರ್ ಆರು ಚೆಂಡು ಹಾಕಿ ಫೀಲ್ಡಿಂಗ್‌ಗೆ ಹೋಗುತ್ತಾನೆ, ಆ ಕಡೆಯಿಂದ ಇನ್ನೊಬ್ಬ ಶುರು ಮಾಡುತ್ತಾನೆ, ಅಲ್ವಾ? ಪಿಚರ್‌ಗೆ ಆ ಬಿಡುವಿಲ್ಲ. ಮೂರು ಔಟ್ ಆಗುವವರೆಗೆ ಎಲ್ಲ ಚೆಂಡೂ ಅವನದೇ. ಹೀಗೆ ಇಡೀ ಪಂದ್ಯ ಒಬ್ಬನೇ ಎಸೆದು ಒಂದೂ ರನ್ ಕೊಡದಿದ್ದರೆ ಅದು ಶಟೌಟ್.

ಯಾರಿಗೂ ಒಂದು ಹಿಟ್ ಕೂಡ ಕೊಡದ ಪಂದ್ಯಗಳೂ ಇವೆ. ಹಿಟ್ ಅಂದರೆ ಚೆಂಡು ಹೊಡೆದು, ಔಟಾಗದೆ ಬೇಸ್‌ಗೆ ಓಡಿ ತಲುಪುವುದು. ನನಗೆ ಅದಕ್ಕಿಂತ ಇದೇ ಜಾಸ್ತಿ ಇಷ್ಟ. ಯಾಕೆಂದರೆ ಮಾರಿಸ್ ಅವತ್ತು ಏಳು ಹಿಟ್ ಕೊಟ್ಟಿದ್ದ. ಸೊನ್ನೆ ಇನ್ನೇನು ಕೈ ಜಾರಿತು ಅನ್ನುವ ಹೊತ್ತೂ ಬಂದಿತ್ತು.

ಎಂಟನೇ ಇನಿಂಗ್ಸ್. ಬ್ರೇವ್ಸ್‌ನ ಲಾನಿ ಸ್ಮಿತ್ ಮೊದಲ ಬೇಸ್‌ನಲ್ಲಿದ್ದ. ಮೂರು ಬೇಸ್ ಮುಟ್ಟಿ, ಹೊಡೆಯಲು ನಿಂತಿದ್ದ ಜಾಗಕ್ಕೆ, ಅಂದರೆ ಹೋಮ್ ಪ್ಲೇಟ್‌ಗೆ, ವಾಪಸ್ ಬಂದರೆ ಒಂದು ರನ್. ಟೆರ್ರಿ ಪೆಂಡಲ್ಟನ್ ಹೊಡೆದ ಚೆಂಡು ದೂರದ ಗೋಡೆಯ ಕಡೆ ಹೋಯಿತು. ಸ್ಮಿತ್ ತಲೆ ತಗ್ಗಿಸಿ ಓಡಿದ್ದರೆ ರನ್ ಖಂಡಿತ. ಆದರೆ ಎರಡನೇ ಬೇಸ್ ಹತ್ತಿರ ಚಕ್ ನಾಬ್ಲಾಕ್, ಅದೇ ವರ್ಷ ಟ್ವಿನ್ಸ್‌ಗೆ ಬಂದ ಹುಡುಗ, ಬಗ್ಗಿ ಚೆಂಡು ಹಿಡಿದ ಹಾಗೆ, ಪಕ್ಕದವನಿಗೆ ಎಸೆದ ಹಾಗೆ ಮಾಡಿದ. ಕೈಯಲ್ಲಿ ಏನೂ ಇಲ್ಲ, ಸುಮ್ನೆ ನಟನೆ! ಚೆಂಡೆಲ್ಲಿ ಅಂತ ತಿಳಿಯದೆ ಸ್ಮಿತ್ ನಿಂತುಬಿಟ್ಟ. ಮತ್ತೆ ಓಡಿದರೂ ಮೂರನೇ ಬೇಸ್‌ವರೆಗೆ ಮಾತ್ರ. ಈ ತುಣುಕನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಉಸಿರು ಬಿಗಿ ಹಿಡಿಯುತ್ತೇನೆ.

ಇನ್ನೂ ಒಬ್ಬನೂ ಔಟಾಗಿಲ್ಲ. ಎರಡನೇ, ಮೂರನೇ ಬೇಸ್‌ಗಳಲ್ಲಿ ಓಟಗಾರರು. ರಾನ್ ಗ್ಯಾಂಟ್ ಮೆಲ್ಲಗೆ ನೆಲಕ್ಕೆ ಹೊಡೆದು ಔಟಾದ. ಡೇವಿಡ್ ಜಸ್ಟಿಸ್‌ಗೆ ಬೇಕಂತಲೇ ವಾಕ್ ಕೊಟ್ಟು, ಅಂದರೆ ಹೊಡೆಯಲು ಬಿಡದೆ ಮೊದಲ ಬೇಸ್‌ಗೆ ಕಳಿಸಿ, ಮೂರೂ ಬೇಸ್ ತುಂಬಿಸಿದರು. ಆಮೇಲೆ ಸಿಡ್ ಬ್ರೀಮ್. ಅವನು ಹೊಡೆದದ್ದು ನೇರ ಮೊದಲ ಬೇಸ್‌ನ ಕೆಂಟ್ ಹರ್ಬೆಕ್ ಕಡೆಗೆ. ಹರ್ಬೆಕ್‌ನಿಂದ ಹೋಮ್ ಪ್ಲೇಟ್ ಕಾಯುವ ಕ್ಯಾಚರ್‌ಗೆ, ಕ್ಯಾಚರ್‌ನಿಂದ ವಾಪಸ್ ಹರ್ಬೆಕ್‌ಗೆ. ಒಂದೇ ಹೊಡೆತಕ್ಕೆ ಇಬ್ಬರು ಔಟ್. ಮಾರಿಸ್ ಮುಷ್ಟಿ ಬಿಗಿದು ಕೂಗಿದ.

ಎದುರಿನ ಪಿಚರ್ 24 ವರ್ಷದ ಜಾನ್ ಸ್ಮೋಲ್ಟ್ಜ್. ಮಿಷಿಗನ್‌ನಲ್ಲಿ ಮಾರಿಸ್ ಆಟ ನೋಡಿಕೊಂಡೇ ಬೆಳೆದವನು. ಅವನೂ ಎಂಟನೇ ಇನಿಂಗ್ಸ್‌ವರೆಗೆ ಒಂದೂ ರನ್ ಕೊಡಲಿಲ್ಲ. ಸಾಮಾನ್ಯವಾಗಿ ಪಂದ್ಯ ಮುಗಿಯುವುದು ಒಂಬತ್ತು ಇನಿಂಗ್ಸ್‌ಗೆ. ಅವತ್ತು ಒಂಬತ್ತು ಮುಗಿದರೂ ಸೊನ್ನೆ-ಸೊನ್ನೆ. ಟ್ವಿನ್ಸ್ ಮ್ಯಾನೇಜರ್ ಟಾಮ್ ಕೆಲ್ಲಿ ಮಾರಿಸ್‌ಗೆ ಇನ್ನು ಸಾಕು ಅಂದರು. ಮಾರಿಸ್ ಕೇಳಲಿಲ್ಲ. ಹತ್ತನೇ ಇನಿಂಗ್ಸ್‌ಗೂ ಹೋದ. ಎಂಟೇ ಚೆಂಡು, ಮೂರು ಔಟ್. ಒಟ್ಟು 126 ಚೆಂಡು. ಅವತ್ತಿನಿಂದ ಇವತ್ತಿನವರೆಗೆ ವರ್ಲ್ಡ್ ಸೀರೀಸ್‌ನಲ್ಲಿ ಯಾರೂ ಒಬ್ಬರೇ ಹತ್ತು ಇನಿಂಗ್ಸ್ ಎಸೆದಿಲ್ಲ.

ಅದೇ ಇನಿಂಗ್ಸ್‌ನಲ್ಲಿ ಟ್ವಿನ್ಸ್ ಹೊಡೆಯುವ ಸರದಿ ಬಂದಾಗ ಡ್ಯಾನ್ ಗ್ಲ್ಯಾಡನ್ ಬ್ಯಾಟು ಮುರಿದುಕೊಂಡೇ ಎರಡನೇ ಬೇಸ್ ತಲುಪಿದ. ನಾಬ್ಲಾಕ್ ಅವನನ್ನು ಮೂರನೆಯದಕ್ಕೆ ದಾಟಿಸಿದ. ಮಂಡಿ ನೋವಿದ್ದ ಜೀನ್ ಲಾರ್ಕಿನ್, ಬದಲಿಯಾಗಿ ಬಂದವನು, ಮೊದಲ ಚೆಂಡನ್ನೇ ಫೀಲ್ಡರ್‌ಗಳ ತಲೆ ಮೇಲೆ ಎತ್ತಿ ಹಾಕಿದ. ಗ್ಲ್ಯಾಡನ್ ಓಡಿ ಬಂದು ಎರಡೂ ಕಾಲನ್ನು ಹೋಮ್ ಪ್ಲೇಟ್ ಮೇಲೆ ಧೊಪ್ಪನೆ ಇಟ್ಟ. ಅವನನ್ನು ತಬ್ಬಿಕೊಳ್ಳಲು ಮಾರಿಸ್ ಆಗಲೇ ಅಲ್ಲಿ ನಿಂತಿದ್ದ.