ಬೀಗದ ಪಕ್ಕದಲ್ಲೇ ಪ್ರೈವೇಟ್ ಕೀ

ನಮಸ್ಕಾರ. ಪ್ರೈವೇಟ್ ಕೀ, ಅಂದರೆ ಡಿಜಿಟಲ್ ಸಹಿ ಹಾಕಲು ಮತ್ತು ಗುರುತನ್ನು ಸಾಬೀತುಪಡಿಸಲು ಬಳಸುವ ಗುಟ್ಟಿನ ಸಂಖ್ಯೆ, ಸೋರಿಕೆಯಾದಾಗಲೆಲ್ಲ ಯಾರೋ ಒಬ್ಬ ಉದ್ಯೋಗಿಯ ಅಜಾಗರೂಕತೆಯನ್ನು ದೂರುವುದು ರೂಢಿಯಾಗಿದೆ. ಆದರೆ ನಕಲು ಮಾಡಬಹುದಾದ ಕಡತವಾಗಿ ಕೀಯನ್ನು ಇಡಬೇಕೆಂಬ ತೀರ್ಮಾನವೇ ಮೂಲ ದೋಷ ಎಂಬುದು ನನ್ನ ವಾದ.

2015ರಲ್ಲಿ ಬಯಲಾದ ಸೂಪರ್‌ಫಿಶ್ ಪ್ರಕರಣವನ್ನೇ ನೋಡಿ. ಲೆನೊವೊ ತನ್ನ ಹಲವು ಲ್ಯಾಪ್‌ಟಾಪ್‌ಗಳಲ್ಲಿ ಮೊದಲೇ ಹಾಕಿ ಮಾರಿದ್ದ ಆ ಜಾಹೀರಾತು ತಂತ್ರಾಂಶವು, ಬ್ರೌಸರ್ ಕಣ್ಣುಮುಚ್ಚಿ ನಂಬುವ ರೂಟ್ ಸರ್ಟಿಫಿಕೇಟ್ (ವೆಬ್‌ಸೈಟ್‌ಗಳ ಗುರುತಿನ ಪತ್ರಗಳನ್ನು ದೃಢೀಕರಿಸುವ ಮೂಲ ಪತ್ರ) ಒಂದನ್ನು ಸ್ಥಾಪಿಸಿ, ಅದರ ಪ್ರೈವೇಟ್ ಕೀಯನ್ನೂ ಅದೇ ಯಂತ್ರದಲ್ಲಿ ಇರಿಸಿತ್ತು. ಎಲ್ಲ ಯಂತ್ರಗಳಿಗೂ ಒಂದೇ ಕೀ, ಅದು ಸಿಕ್ಕವರು ಅವೆಲ್ಲದರ ಮುಂದೆ ಯಾವುದೇ ವೆಬ್‌ಸೈಟ್‌ನ ಸೋಗು ಹಾಕಬಹುದಿತ್ತು. ಆ ಕೀಗೆ ಪಾಸ್‌ವರ್ಡ್ ಇತ್ತು, ನಿಜ. ಆದರೆ ಅದು 'ಕೊಮೋಡಿಯಾ', ಅಂದರೆ ಸಂಪರ್ಕವನ್ನು ನಡುವೆ ಓದುವ ಭಾಗವನ್ನು ತಯಾರಿಸಿದ ಕಂಪನಿಯ ಹೆಸರೇ ಆಗಿತ್ತು, ಮತ್ತು ಪ್ರೋಗ್ರಾಮ್‌ನೊಳಗೇ ಸಿಗುತ್ತಿತ್ತು.

ಇದನ್ನು ಮೂರ್ಖತನವೆಂದು ನಕ್ಕುಬಿಡುವುದು ಸುಲಭ. ಆದರೆ ಮನುಷ್ಯರ ನೆರವಿಲ್ಲದೆ ನಡುರಾತ್ರಿಯಲ್ಲೂ ತಾನಾಗಿ ಚಾಲೂ ಆಗಬೇಕಾದ ಯಾವುದೇ ಸರ್ವರ್‌ನಲ್ಲಿ, ಕೀಯನ್ನು ಬಿಡಿಸುವ ಪಾಸ್‌ವರ್ಡ್ ಅಲ್ಲೇ ಯಾವುದೋ ಕಾನ್ಫಿಗರೇಶನ್ ಕಡತದಲ್ಲಿರುವುದು ಇಂದಿಗೂ ಸಾಮಾನ್ಯ. ಕಡತಕ್ಕೆ 600 ಅನುಮತಿ (ಮಾಲೀಕನೊಬ್ಬನೇ ಓದಿ ಬರೆಯಬಹುದು ಎಂಬ ಗುರುತು) ಕೊಟ್ಟು ನೆಮ್ಮದಿಯಾಗಿರುವವರು ಬ್ಯಾಕಪ್ ಪ್ರತಿಗಳನ್ನೂ, ಕಂಟೇನರ್ ಇಮೇಜ್‌ನ (ತಂತ್ರಾಂಶವನ್ನು ಪದರಪದರವಾಗಿ ಕಟ್ಟಿದ ಪೊಟ್ಟಣದ) ಹಳೆಯ ಪದರಗಳನ್ನೂ ಮರೆಯುತ್ತಾರೆ. ಕೋಡ್‌ನ ಬದಲಾವಣೆಗಳ ಇತಿಹಾಸವನ್ನು ಇಡುವ ಗಿಟ್ ಇನ್ನೂ ಮೋಸದ್ದು: ಕೀಯನ್ನು ಅಳಿಸಿ ಹೊಸ ಕಮಿಟ್ (ಬದಲಾವಣೆಯ ದಾಖಲೆ) ಮಾಡಿದರೂ ಹಳೆಯ ಕಮಿಟ್‌ನಲ್ಲಿ ಅದು ಹಾಗೆಯೇ ಉಳಿದಿರುತ್ತದೆ. 2023ರ ಮಾರ್ಚ್‌ನಲ್ಲಿ ಗಿಟ್ ಕೋಡ್ ಸಂಗ್ರಹಗಳನ್ನು ಇಟ್ಟುಕೊಡುವ ಗಿಟ್‌ಹಬ್ ಸಂಸ್ಥೆಯದೇ ಆರ್‌ಎಸ್‌ಎ ಎಸ್‌ಎಸ್‌ಎಚ್ ಕೀ (ಅದರ ಸರ್ವರ್‌ನ ಗುರುತನ್ನು ಸಾಬೀತುಪಡಿಸುವ ಪ್ರೈವೇಟ್ ಕೀ) ಸಾರ್ವಜನಿಕ ರೆಪಾಸಿಟರಿಯೊಂದರಲ್ಲಿ, ಅಂದರೆ ಎಲ್ಲರೂ ನೋಡಬಹುದಾದ ಕೋಡ್ ಸಂಗ್ರಹದಲ್ಲಿ, ಕೆಲಕಾಲ ಕಾಣಿಸಿಕೊಂಡು, ಅದನ್ನು ಬದಲಾಯಿಸಬೇಕಾಯಿತು.

ಹಾಗಾದರೆ ಕೀಯನ್ನು ಎಲ್ಲಿಡಬೇಕು? ಬಳಸಲು ಬರುವ, ಆದರೆ ಹೊರತೆಗೆಯಲು ಬಾರದ ಜಾಗದಲ್ಲಿ: ಎಚ್‌ಎಸ್‌ಎಮ್ (ಕೀಗಳನ್ನು ಕಾಯುವ ಪ್ರತ್ಯೇಕ ಸಾಧನ), ಟಿಪಿಎಮ್ (ಕಂಪ್ಯೂಟರಿನ ಭದ್ರತಾ ಚಿಪ್), ಫೋನಿನ ಸುರಕ್ಷಿತ ಚಿಪ್. ಇವೂ ಪವಾಡವಲ್ಲ, ಸರ್ವರ್ ಹೊಕ್ಕವನು ಒಳಗಿರುವಷ್ಟು ಹೊತ್ತು ಸಹಿ ಹಾಕಿಸಿಕೊಳ್ಳಬಲ್ಲ, ಆದರೆ ಹೊರದಬ್ಬಿದ ಮೇಲೆ ಕೀಯನ್ನು ಜೊತೆಗೊಯ್ಯಲಾರ. ಸಾರ್ವಜನಿಕವಾಗಿ ನಂಬಲಾಗುವ ಕೋಡ್ ಸೈನಿಂಗ್ ಕೀಗಳು (ತಂತ್ರಾಂಶ ಅಸಲಿಯೆಂದು ಸಹಿ ಹಾಕುವ ಕೀಗಳು) ಇಂಥ ಹಾರ್ಡ್‌ವೇರ್‌ನಲ್ಲೇ ಇರಬೇಕೆಂಬ ನಿಯಮ 2023ರ ಜೂನ್ 1ರಿಂದ ಜಾರಿಯಲ್ಲಿದೆ. ತಡವಾಯಿತು ಎನ್ನುವುದು ಬಿಟ್ಟರೆ ನನ್ನ ತಕರಾರಿಲ್ಲ.

ನನಗೆ ಹೆಚ್ಚು ಆತಂಕ ತರುವುದು ಫರ್ಮ್‌ವೇರ್, ಅಂದರೆ ಯಂತ್ರ ಚಾಲೂ ಆಗುವಾಗ ಮೊದಲು ಓಡುವ ಒಳತಂತ್ರಾಂಶ. 2024ರಲ್ಲಿ ಭದ್ರತಾ ಕಂಪನಿ ಬೈನಾರ್ಲಿಯ ಸಂಶೋಧಕರು ಪಿಕೆಫೇಲ್ ಎಂದು ಹೆಸರಿಸಿದ ದೋಷದಲ್ಲಿ, 'ನಂಬಬೇಡಿ' ಎಂದು ಸರ್ಟಿಫಿಕೇಟ್‌ನ ಹೆಸರಿನಲ್ಲೇ ಬರೆದಿದ್ದ ಪರೀಕ್ಷಾ ಕೀಯನ್ನು (ಚಾಲೂ ಆಗುವಾಗ ಯಾವ ತಂತ್ರಾಂಶವನ್ನು ನಂಬಬೇಕೆಂಬುದಕ್ಕೆ ಬುನಾದಿಯಾಗುವ ಕೀ) ಹಲವು ತಯಾರಕರು ಬದಲಿಸದೆ ಮಾರುಕಟ್ಟೆಗೆ ಬಿಟ್ಟಿದ್ದರು. ಸೋರಿದ ಅದರ ಪ್ರೈವೇಟ್ ಭಾಗಕ್ಕೆ ಇದ್ದದ್ದು ನಾಲ್ಕೇ ಅಕ್ಷರಗಳ ಪಾಸ್‌ವರ್ಡ್. ವೆಬ್‌ಸೈಟ್‌ನ ಸರ್ಟಿಫಿಕೇಟ್ ಅನ್ನು ಒಂದು ದಿನದಲ್ಲಿ ರದ್ದುಮಾಡಿ ಹೊಸದನ್ನು ಪಡೆಯಬಹುದು. ಆದರೆ ಈ ಕೀಯನ್ನು ಬದಲಿಸಲು ಪ್ರತಿಯೊಂದು ಯಂತ್ರದ ಫರ್ಮ್‌ವೇರನ್ನೂ ನವೀಕರಿಸಬೇಕು, ಮತ್ತು ತಯಾರಕರು ಕೈಬಿಟ್ಟ ಹಳೆಯ ಮಾದರಿಗಳಿಗೆ ಅಂಥ ನವೀಕರಣ ಬರುವುದೇ ಇಲ್ಲ.