ಸೈಕಲ್ ಪತ್ರಿಕೆಗೆ ನಮ್ಮ ಕಪಾಟಿನಲ್ಲಿ ಜಾಗ ಉಂಟೇ?

ಗ್ರಂಥಪಾಲಕ ಮಿತ್ರರೆಲ್ಲರಿಗೂ ನಮಸ್ಕಾರ. ನಮ್ಮ ಗ್ರಂಥಾಲಯಗಳಲ್ಲಿ ಹದಿಹರೆಯದವರಿಗೆ ಪತ್ರಿಕೆ ಆರಿಸುವುದು ಹೇಗೆ ಎಂಬುದು ಇವತ್ತು ನನಗೆ ಕೊಟ್ಟಿರುವ ವಿಷಯ. ಆರು ಅಂಶ ಬರೆದುಕೊಂಡು ಬಂದಿದ್ದೇನೆ. ಆರನ್ನೂ ಮುಗಿಸುತ್ತೇನೆ ಎಂಬ ಭರವಸೆ ನನಗೇ ಇಲ್ಲ. ನನ್ನ ಮಾತು ಹಿಂದೆ ಕೇಳಿದವರು ಆಗಲೇ ನಗುತ್ತಿದ್ದೀರಿ.

ಉದಾಹರಣೆಗೆ ಬಿಎಂಎಕ್ಸ್, ಅಂದರೆ ದಿಬ್ಬ ಹಾರಿಸಿ ಕಸರತ್ತು ಮಾಡುವ ಪುಟ್ಟ ಸೈಕಲ್ಲಿನ ಪತ್ರಿಕೆಯನ್ನು ಇಟ್ಟುಕೊಂಡಿದ್ದೇನೆ. ಬೇಕಂತಲೇ. ವಿಜ್ಞಾನದ ಪತ್ರಿಕೆ ಹಿಡಿದು ನಿಂತಿದ್ದರೆ ನೀವೆಲ್ಲ ಹೌದು ಹೌದು ಅಂತ ತಲೆಯಾಡಿಸಿ ಊಟಕ್ಕೆ ಏಳುತ್ತಿದ್ದಿರಿ, ಅಲ್ವಾ? ನಮಗೆ ಇಷ್ಟವಾದದ್ದನ್ನು ತರಿಸಲು ಸಮಿತಿ ಯಾಕೆ ಬೇಕು? ನಮಗೆ ಒಂದು ಚೂರೂ ಆಸಕ್ತಿ ಇಲ್ಲದ್ದನ್ನು ನ್ಯಾಯವಾಗಿ ಅಳೆಯುವುದು ಕಷ್ಟ.

ನಗರದ ಯಾವ ಶಾಖಾ ಗ್ರಂಥಾಲಯಕ್ಕೆ ಬೇಕಾದರೂ ಹೋಗಿ ನೋಡಿ. ಬೆಳಿಗ್ಗೆ ಪೇಪರ್ ಓದುವ ಹಿರಿಯರು. ಆಮೇಲೆ ಕೆಎಎಸ್, ಪಿಎಸ್‌ಐ, ಎಫ್‌ಡಿಎ ಪರೀಕ್ಷೆಗೆ ಓದುವವರು. ಬುತ್ತಿ ಕಟ್ಟಿಕೊಂಡು ಬಂದು ಸಂಜೆವರೆಗೆ ಕುರ್ಚಿ ಬಿಡುವುದಿಲ್ಲ. ಒಂದು ಮೂಲೆಯಲ್ಲಿ ಚಿಕ್ಕ ಮಕ್ಕಳ ಕಥೆ ಪುಸ್ತಕ. ಹದಿಮೂರರಿಂದ ಹದಿನೇಳರ ನಡುವಿನವರು ಎಲ್ಲಿ? ಅವರಿಗೆ ಎಸ್ಸೆಸ್ಸೆಲ್ಸಿ ಗೈಡ್ ಇದೆ, ಸಿಇಟಿ ಗೈಡ್ ಇದೆ ಅನ್ನುತ್ತೀರಿ. ಅದು ಹದಿಹರೆಯದವರ ಸಂಗ್ರಹ ಅಲ್ಲ ಸ್ವಾಮಿ, ಅವರ ಅಪ್ಪ ಅಮ್ಮಂದಿರ ಸಂಗ್ರಹ.

ಆ ಹುಡುಗರನ್ನು ನೋಡಬೇಕಾದರೆ ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿಗೆ ಬನ್ನಿ. ಅವತ್ತು ಒಳರಸ್ತೆಗಳಲ್ಲಿ ಗಾಡಿ ಬಿಡುವುದಿಲ್ಲ. ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಗೋಡೆಗಳ ಒಳಗೆ ರಾಜ್ಯ ಕೇಂದ್ರ ಗ್ರಂಥಾಲಯ. ಹೊರಗಿನ ರಸ್ತೆಗಳಲ್ಲಿ ಸೈಕಲ್‌ನ ಮುಂದಿನ ಚಕ್ರ ಎತ್ತಿಕೊಂಡು ಹೋಗುವ ಹುಡುಗರು. ಒಳಗೆ ಬನ್ರಪ್ಪಾ ಅಂತ ಕೂಗಿದರೆ ಕೇಳಿಸುವಷ್ಟು ಹತ್ತಿರ. ನಾವು ಕೂಗಿದ್ದೇವಾ?

ಬಿಎಂಎಕ್ಸ್ ಬಗ್ಗೆ ಎರಡೇ ಮಾತು. 1970ರ ದಶಕದ ಶುರುವಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಮೋಟಾರ್‌ಸೈಕಲ್ ಮೋಟೋಕ್ರಾಸ್ ನೋಡಿ ಅದೇ ಥರ ಮಣ್ಣಿನ ದಿಬ್ಬಗಳ ಮೇಲೆ ತಮ್ಮ ಸೈಕಲ್ ಹಾರಿಸಿದರು. 20 ಇಂಚಿನ ಚಕ್ರ, ಒಂದೇ ಗೇರ್. ಅದರ ರೇಸ್ 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್ ಸೇರಿತು. ಕಸರತ್ತಿನ ಫ್ರೀಸ್ಟೈಲ್ ಟೋಕಿಯೋದಲ್ಲಿ ಸೇರಿತು. ಅಷ್ಟು ಸಾಕು.

ಒಂದು ಆಯ್ಕೆ ಸಮಿತಿಯಲ್ಲಿ ಈ ಪತ್ರಿಕೆ ಮೇಜಿನ ಮೇಲೆ ಬಂತು. ಯಾವ ಗ್ರಂಥಾಲಯ ಅಂತ ಕೇಳಬೇಡಿ. ಒಬ್ಬ ಹಿರಿಯರು ಎರಡು ಬೆರಳಲ್ಲಿ ಅದನ್ನು ಎತ್ತಿ, "ಏನ್ರೀ ಇದು, ಗ್ರಂಥಾಲಯಾನೋ ಗ್ಯಾರೇಜೋ?" ಅಂದರು. ಇನ್ನೊಬ್ಬರು, "ವ್ಹೀಲಿಂಗ್ ಮಾಡೋ ಪುಂಡರನ್ನು ಪೊಲೀಸರು ಹಿಡೀತಾ ಇದ್ದಾರೆ, ನಾವು ಪಾಠ ಹೇಳಿಕೊಡೋದಾ?" ಅಂದರು. ರಾತ್ರಿ ಫ್ಲೈಓವರ್ ಮೇಲೆ ಸ್ಕೂಟರ್ ಎತ್ತುವುದಕ್ಕೂ ಮೈದಾನದಲ್ಲಿ ಪೆಡಲ್ ತುಳಿದು ಹಾರುವುದಕ್ಕೂ ವ್ಯತ್ಯಾಸ ಇದೆ. ಅದಿರಲಿ. ನಾನು ಕೇಳಿದ್ದು ಒಂದೇ: ಓದುವವರನ್ನು ಕೇಳಿದಿರಾ? ಯಾರೂ ಕೇಳಿರಲಿಲ್ಲ.

ನನಗೆ ಎರಡು ದಿನ ಟೈಮ್ ಕೊಡಿ ಅಂದೆ. ಒಂದು ಹಳೇ ಸಂಚಿಕೆಯನ್ನು ಸುಮ್ನೆ ಓದುವ ಮೇಜಿನ ಮೇಲೆ ಬಿಟ್ಟೆ. ಏನೂ ಹೇಳಲಿಲ್ಲ. ಸಂಜೆ ಒಬ್ಬ ಹುಡುಗ ಬಂದ. ಹತ್ತಿರದ ಪಂಕ್ಚರ್ ಅಂಗಡಿಯಲ್ಲಿ ಅವನ ಮಾವನಿಗೆ ಕೈಯಾಳು, ಬೆಳಿಗ್ಗೆ ಶಾಲೆ. ನಮ್ಮಲ್ಲಿಗೆ ಬರುತ್ತಿದ್ದದ್ದು ಫ್ಯಾನ್ ಗಾಳಿಗೆ, ಅದರಲ್ಲಿ ಮುಚ್ಚುಮರೆ ಇಲ್ಲ. ಪತ್ರಿಕೆ ತಿರುವಿದ, ಒಂದು ಕಡೆ ನಿಂತುಬಿಟ್ಟ. ಸೈಕಲ್ಲನ್ನು ನೆಲದಿಂದ ಎತ್ತಿ ಹಾರಿಸುವುದಿದೆಯಲ್ಲ, ಬನ್ನಿಹಾಪ್, ಅದನ್ನು ಸಾಲು ಫೋಟೋಗಳಲ್ಲಿ ಬಿಡಿಸಿ ತೋರಿಸಿದ್ದ ಪುಟ. ಮಂಡಿ ಬಗ್ಗಿಸು, ಭಾರ ಹಿಂದಕ್ಕೆ ತಾ, ಮುಂದಿನ ಚಕ್ರ ಎಳೆದುಕೋ, ಮೇಲಕ್ಕೆ ಚಿಮ್ಮು, ಹ್ಯಾಂಡಲ್ಲನ್ನು ಮುಂದಕ್ಕೆ ತಳ್ಳು, ಹಿಂದಿನ ಚಕ್ರ ತಾನಾಗಿ ಏಳುತ್ತದೆ. ಹುಡುಗ ಎರಡು ಮುಷ್ಟಿ ಕಟ್ಟಿ ಮೇಜಿನ ಮೇಲೆ ಹ್ಯಾಂಡಲ್ ಹಿಡಿದ ಹಾಗೆ ಹಿಡಿದ. ಒಂದು ಫೋಟೋ ನೋಡುವುದು, ಕೈ ಎಳೆಯುವುದು. ಮುಂದಿನದನ್ನು ನೋಡುವುದು, ತಳ್ಳುವುದು. ಪಕ್ಕದಲ್ಲಿ ಇಂಡಿಯನ್ ಪಾಲಿಟಿ ಓದುತ್ತಿದ್ದ ಹುಡುಗಿ ಕುರ್ಚಿ ಸರಿಸಿಕೊಂಡಳು ಪಾಪ. ಆಮೇಲೆ ನನ್ನ ಹತ್ತಿರ ಬಂದು, "ಸಾರ್, ಇದ್ರಲ್ಲಿ ಎರಡೂ ಪೆಡಲ್ ಸಮ ಇಟ್ಕೊಂಡಿದಾನೆ, ಯಾಕೆ?" ಅಂದ. ನನಗೇನು ಗೊತ್ತು! "ಕೆಳಗೆ ಬರೆದಿದ್ದಾರಲ್ಲಪ್ಪ, ಓದು" ಅಂದೆ. ಇಂಗ್ಲಿಷು. ಅವನು ಕೇಳದೆ ಹೋಗಿ ಇಂಗ್ಲಿಷ್-ಕನ್ನಡ ನಿಘಂಟು ಎತ್ತಿಕೊಂಡು ಬಂದ. ಬಾಗಿಲು ಹಾಕುವವರೆಗೆ ಕೂತ. ಆ ಪುಟದ ಅಂಚಿನಲ್ಲಿ ಚೈನಿನ ಗ್ರೀಸಿನ ಹೆಬ್ಬೆಟ್ಟು ಬಿತ್ತು. ಅದೇ ಸಂಚಿಕೆಯನ್ನು ಸಮಿತಿಗೆ ಒಯ್ದೆ. "ಗಲೀಜು ಮಾಡಿದ್ದಾರೆ" ಅಂದರು.

ನಮ್ಮ ಗ್ರಂಥಾಲಯ ವಿಜ್ಞಾನದ ಗುರು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಗ್ರಂಥಾಲಯಗಳಿಗೆ ಐದು ಸೂತ್ರ ಬರೆದರು. ನಿಮಗೆಲ್ಲ ಬಾಯಿಪಾಠ. ಅವರು 1962ರಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಡಿಆರ್‌ಟಿಸಿ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ, 1972ರಲ್ಲಿ ತೀರಿಕೊಂಡದ್ದೂ ಇಲ್ಲೇ. ವರ್ಷ ವರ್ಷ ಅವರ ಫೋಟೋಗೆ ಹಾರ ಹಾಕುತ್ತೇವೆ. ಎರಡನೇ ಸೂತ್ರ ಏನು? ಪ್ರತಿ ಓದುಗನಿಗೂ ಅವನ ಪುಸ್ತಕ. ಅವನ ಪುಸ್ತಕ ಅಂದರು, ನಮ್ಮ ಪುಸ್ತಕ ಅನ್ನಲಿಲ್ಲ.

ಈ ಪತ್ರಿಕೆಗಳಲ್ಲಿ ಸಾಹಿತ್ಯ ಏನಿದೆ ಎಂದು ಕೇಳುವವರಿಗೆ ಒಂದು ಚರಿತ್ರೆ. 1976ರಲ್ಲಿ ಅಮೆರಿಕದಲ್ಲಿ ಬಿಎಂಎಕ್ಸ್ ಆ್ಯಕ್ಷನ್ ಅನ್ನುವ ಪತ್ರಿಕೆ ಶುರುವಾಯಿತು. ಬಾಬ್ ಹಾರೋ ಎಂಬ ಹುಡುಗ ರೇಸ್ ಸೈಕಲ್ಲಿನ ನಂಬರ್ ಪ್ಲೇಟ್ ಮಾಡುತ್ತಿದ್ದ, ಆ ಪತ್ರಿಕೆಗೆ ವ್ಯಂಗ್ಯಚಿತ್ರ ಬರೆಯುತ್ತಿದ್ದ. ಅವನನ್ನೇ ಈಗ ಫ್ರೀಸ್ಟೈಲಿನ ಪಿತಾಮಹ ಅನ್ನುತ್ತಾರೆ. ಅದೇ ಬಳಗದಿಂದ 1984ರಲ್ಲಿ ಫ್ರೀಸ್ಟೈಲಿನ್ ಅಂತ ಇನ್ನೊಂದು ಬಂತು. ಅಲ್ಲಿ ಫೋಟೋ ತೆಗೆಯುತ್ತಿದ್ದ ಸ್ಪೈಕ್ ಜೋನ್ಜ್ ಮುಂದೆ ಸಿನಿಮಾ ನಿರ್ದೇಶಕನಾಗಿ ಚಿತ್ರಕಥೆಗೆ ಆಸ್ಕರ್ ತಗೊಂಡ. ಇದನ್ನು ಓದಿದವರೆಲ್ಲ ಆಸ್ಕರ್ ತರುತ್ತಾರೆ ಅಂತಲ್ಲ, ಗಾಬರಿ ಬೀಳಬೇಡಿ. ಹುಡುಗರೇ ಬರೆದು, ಚಿತ್ರ ಬಿಡಿಸಿ, ಫೋಟೋ ತೆಗೆದು ಬೆಳೆಸಿದ ಪತ್ರಿಕೆಗಳು ಇವು. ಹೀಗಾಗಿ ನನ್ನ ಮೊದಲ ಅಂಶ: ಸಂಚಿಕೆ ಕೈಗೆ ಬಂದಾಗ ನಾನು ಮೊದಲು ನೋಡುವುದು ಓದುಗರ ಪತ್ರದ ಪುಟ. ಹದಿನೈದರ ಹುಡುಗನ ಪತ್ರ ಇದ್ದು ಅದಕ್ಕೆ ಮರ್ಯಾದೆಯ ಉತ್ತರ ಇದ್ದರೆ ಅರ್ಧ ಪಾಸು.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. ಹತ್ತು ನಿಮಿಷ ಅಂತ ಇರಬೇಕು... ಐದು! ಸರಿ.

ಎರಡನೇ ಅಂಶ, ಸುರಕ್ಷತೆ. ಇದನ್ನು ನಾನು ಹಗುರವಾಗಿ ತಗೊಳ್ಳುವುದಿಲ್ಲ. ರೇಸಿನ ಫೋಟೋಗಳಲ್ಲಿ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ ಕಾಣುತ್ತದೆ. ಬೀದಿ ಸವಾರಿಯ ಫೋಟೋಗಳಲ್ಲಿ ಎಷ್ಟೋ ಸಲ ಬರಿ ತಲೆ, ಮೆಟ್ಟಿಲಿನ ಕಂಬಿಯ ಮೇಲೆ ಜಾರುವುದು. ಪತ್ರಿಕೆ ಬೀಳುವುದನ್ನೂ ತೋರಿಸುತ್ತದೆಯೇ, ಮುರಿದ ಮಣಿಕಟ್ಟಿನ ಬಗ್ಗೆ ಬರೆಯುತ್ತದೆಯೇ ನೋಡಿ. ಬರೀ ಗೆದ್ದ ಹಾರಾಟ ತುಂಬಿದ್ದರೆ ನನಗೆ ಅನುಮಾನ.

ಮೂರು, ಹುಡುಗಿಯರು. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ನಿನ ಶಾರ್ಲೆಟ್ ವರ್ದಿಂಗ್ಟನ್ ಮೊದಲ ಸುತ್ತಿನಲ್ಲಿ 360 ಬ್ಯಾಕ್‌ಫ್ಲಿಪ್, ಅಂದರೆ ಗಾಳಿಯಲ್ಲಿ ಹಿಂದಕ್ಕೆ ಪಲ್ಟಿ ಹೊಡೆಯುತ್ತಲೇ ಪೂರ್ತಿ ತಿರುಗುವ ಕಸರತ್ತು, ಹೊಡೆಯಲು ಹೋಗಿ ಬಿದ್ದಳು. ಎರಡನೇ ಸುತ್ತಿನಲ್ಲಿ ಅದನ್ನೇ ಮತ್ತೆ ಹೊಡೆದಳು. 97.50 ಅಂಕ, ಚಿನ್ನ. ಹೆಣ್ಣುಮಕ್ಕಳ ಸ್ಪರ್ಧೆಯಲ್ಲಿ ಅದನ್ನು ಸಾಧಿಸಿದ ಮೊದಲಿಗಳು ಆಕೆ. ಈಗ ನಿಮ್ಮ ಮುಂದಿರುವ ಸಂಚಿಕೆ ತೆರೆಯಿರಿ. ಹುಡುಗಿ ಸೈಕಲ್ ಮೇಲೆ ಇದ್ದಾಳೋ, ಬರೀ ಟಿ-ಶರ್ಟ್ ಜಾಹೀರಾತಿನಲ್ಲಿದ್ದಾಳೋ? ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹೆಣ್ಣುಮಕ್ಕಳು ಸೈಕ್ಲಿಂಗ್‌ನಲ್ಲಿ ಪದಕ ತರುವ ರಾಜ್ಯ ಇದು.

ನಾಲ್ಕು, ಜಾಹೀರಾತು. ಪುಟ ಎಣಿಸಿ. ಬಿಡಿಭಾಗದ ವಿಮರ್ಶೆಯ ಎದುರು ಪುಟದಲ್ಲೇ ಅದೇ ಕಂಪನಿಯ ಜಾಹೀರಾತು ಇದೆಯಾ ನೋಡಿ. ಹುಡುಗರಿಗೂ ಅದನ್ನು ತೋರಿಸಿ, ಬೇಗ ಹಿಡಿಯುತ್ತಾರೆ.

ಐದು, ದುಡ್ಡು. ವಿದೇಶಿ ಪತ್ರಿಕೆ ದುಬಾರಿ, ತಡವಾಗಿ ಬರುತ್ತದೆ. ಬದುಕಿದೆಯಾ ಅಂತಲೂ ಮೊದಲು ನೋಡಿ. 1978ರಲ್ಲಿ ಹುಟ್ಟಿದ ಬಿಎಂಎಕ್ಸ್ ಪ್ಲಸ್ ದಶಕಗಟ್ಟಲೆ ನಡೆದು ನಿಂತುಹೋಯಿತು. ಹಳೇ ಸಂಚಿಕೆಗಳು ಸಿಕ್ಕರೆ ಅವೂ ಆದೀತು, ಬನ್ನಿಹಾಪ್ ಹಳತಾಗುವುದಿಲ್ಲ. ಇನ್ನು ಇದಕ್ಕೆಲ್ಲ ಸಾರ್ವಜನಿಕರ ದುಡ್ಡಾ ಅನ್ನುವವರಿಗೆ: ಬೆಂಗಳೂರಿನ ಆಸ್ತಿ ತೆರಿಗೆಯ ಜೊತೆ 6% ಗ್ರಂಥಾಲಯ ಕರ ಇದೆ. ಆ ಪಂಕ್ಚರ್ ಅಂಗಡಿಯ ಬಾಡಿಗೆಯಲ್ಲೂ ಅದು ಸೇರಿದೆ. ಓದುವವರನ್ನು ಕೇಳಿ ಅಂತ ಮತ್ತೆ ಮತ್ತೆ ಯಾಕೆ ಅನ್ನುತ್ತೇನೆ ಗೊತ್ತಾಯಿತಲ್ಲ?

ಆರನೆಯದು ಬೈಂಡಿಂಗ್ ಬಗ್ಗೆ, ಅದನ್ನು ಬಿಡೋಣ. ಒಂದು ವರ್ಷಕ್ಕೆ ತರಿಸಿ. ಬೀಗದ ಕಪಾಟಿನಲ್ಲಿ ಇಡಬೇಡಿ, ಬಾಗಿಲ ಹತ್ತಿರ ಇಡಿ. ನಡುಪುಟದ ಪೋಸ್ಟರ್ ಹರಿದುಕೊಂಡು ಹೋಗುತ್ತಾರೆ, ಅದನ್ನು ನೀವೇ ಬಿಚ್ಚಿ ಗೋಡೆಗೆ ಅಂಟಿಸಿಬಿಡಿ. ವರ್ಷದ ಕೊನೆಗೆ ಪುಟಗಳು ಹೊಸದಾಗಿಯೇ ಇದ್ದರೆ ಚಂದಾ ನಿಲ್ಲಿಸಿ, ಆ ದುಡ್ಡಿಗೆ ಅದೇ ಹುಡುಗರು ಹೇಳಿದ ಬೇರೆಯದನ್ನು ತರಿಸಿ. ಪ್ರಶ್ನೆ ಇದ್ದವರು ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ.