ಆರನೆಯ ಗಂಟೆಯ ಮೂರು ಸ್ವರ

ಕೇಳುಗರಿಗೆ ನಮಸ್ಕಾರ. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ ಮತ್ತು ನಾಲ್ಕು ಜನ. ಆ ಒಂದೇ ಕೋಣೆಯಲ್ಲಿ, ನನ್ನ ತಲೆದಿಂಬಿನಿಂದ ಒಂದು ಮೊಳ ದೂರದಲ್ಲಿ, ಕಳೆದ ಆರು ತಿಂಗಳಿಂದ ನನ್ನ ಫೋನು ಒಂದು ವಿಚಿತ್ರವಾದ ಚಾಕರಿ ಮಾಡುತ್ತಿದೆ. ನಾನು ಮಲಗಿ ಆರು ಗಂಟೆ ಕಳೆದ ಮೇಲೆ ಅದರೊಳಗಿನ ಒಂದು ಆ್ಯಪ್ ಮೆಲುದನಿಯಲ್ಲಿ ಮೂರು ಸ್ವರಗಳನ್ನು ನುಡಿಸುತ್ತದೆ. ಅದು ಅಲಾರಂ ಅಲ್ಲ, ಅದನ್ನು ಕೇಳಿ ನಾನು ಏಳಕೂಡದು. ನಿದ್ದೆ ಮುರಿಯಬಾರದು, ಕನಸು ಹರಿಯಬಾರದು, ಆದರೆ ನಾನು ಕಾಣುತ್ತಿರುವುದು ಕನಸೆಂಬ ತಿಳಿವು ಆ ಕನಸಿನೊಳಗೇ ನನಗೆ ಮೂಡಬೇಕು. ಆ್ಯಪಿನ ಉದ್ದೇಶ ಇಷ್ಟೇ. ಇದನ್ನು ಕೇಳಿದವರಲ್ಲಿ ಅರ್ಧ ಜನ ನಗುತ್ತಾರೆ, ಉಳಿದರ್ಧ ಜನ ಕೂಡಲೇ ಆ್ಯಪಿನ ಹೆಸರು ಕೇಳುತ್ತಾರೆ. ಇಬ್ಬರಿಗೂ ನಾನು ಹೇಳಬೇಕಾದದ್ದು ಒಂದೇ: ಆ್ಯಪ್ ಸುಳ್ಳಲ್ಲ, ಆದರೆ ಅದು ಕೆಲಸ ಮಾಡುವ ಹೊತ್ತಿನ ನಿದ್ದೆ ನಮ್ಮಂಥವರ ಬಳಿ ಇಲ್ಲ. ಆ ನಿದ್ದೆಯನ್ನು ನಾವು ಲೋಕಲ್ ಗಾಡಿಗೆ ಬರೆದುಕೊಟ್ಟು ಬಹಳ ಕಾಲವಾಯಿತು.

ಇಂತಹ ಕನಸಿಗೆ ಇಂಗ್ಲಿಷಿನಲ್ಲಿ ಲೂಸಿಡ್ ಡ್ರೀಮ್ ಎನ್ನುತ್ತಾರೆ. ಡಚ್ ವೈದ್ಯನೂ ಲೇಖಕನೂ ಆಗಿದ್ದ ಫ್ರೆಡರಿಕ್ ವಾನ್ ಈಡನ್ 1913ರಲ್ಲಿ ತನ್ನ ಕನಸುಗಳನ್ನು ಕುರಿತು ಬರೆದ ಪ್ರಬಂಧದಿಂದ ಆ ಹೆಸರು ಬಳಕೆಗೆ ಬಂತು. ಹಗಲುಗನಸು ಎಂಬ ಒಳ್ಳೆಯ ಮಾತು ನಮ್ಮಲ್ಲಿ ಇರುವಾಗ ಇದನ್ನು ಅರಿವುಗನಸು ಎನ್ನಲು ಅಡ್ಡಿಯಿಲ್ಲವೆಂದು ನನಗೆ ತೋರುತ್ತದೆ. ಮಲಗಿದವನಿಗೆ ಅರಿವಿದೆ ಎನ್ನುವುದನ್ನು ಎದ್ದವರು ನಂಬುವುದು ಹೇಗೆ ಎಂಬ ಪ್ರಶ್ನೆ ಬಹಳ ವರ್ಷ ಹಾಗೆಯೇ ಉಳಿದಿತ್ತು. 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಅದಕ್ಕೊಂದು ಉಪಾಯ ಕಂಡುಕೊಂಡರು. ಕನಸು ಬೀಳುವ ರೆಮ್ ನಿದ್ದೆಯಲ್ಲಿ ಕೈಕಾಲುಗಳ ಸ್ನಾಯುಗಳು ಸಡಿಲಗೊಂಡು ಮೈ ಕಟ್ಟಿಹಾಕಿದಂತೆ ಬಿದ್ದಿರುತ್ತದೆ, ಆದರೆ ಕಣ್ಣುಗಳು ಮಾತ್ರ ಸ್ವತಂತ್ರ. ಹಾಗಾಗಿ ಕನಸೆಂದು ಗೊತ್ತಾದ ಕೂಡಲೇ ಕಣ್ಣನ್ನು ಎಡಕ್ಕೂ ಬಲಕ್ಕೂ ಎಣಿಸಿ ಆಡಿಸಬೇಕೆಂದು ಮೊದಲೇ ಒಪ್ಪಂದವಾಯಿತು, ಮಲಗಿದಾತ ಹಾಗೆಯೇ ಆಡಿಸಿದ, ಯಂತ್ರ ಅದನ್ನು ಬರೆದುಕೊಂಡಿತು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಸ್ಟೀಫನ್ ಲಬರ್ಜ್ ಕೂಡ ಇದೇ ದಾರಿಯಲ್ಲಿ ಹೋಗಿ ಅದನ್ನು ಸಾಧಿಸಿ ತೋರಿಸಿದರು. 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಮೆರಿಕ, ಫ್ರಾನ್ಸ್, ಜರ್ಮನಿ ಮತ್ತು ನೆದರ್ಲೆಂಡ್ಸಿನ ನಾಲ್ಕು ಪ್ರಯೋಗಾಲಯಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಮಲಗಿದವನೊಬ್ಬನಿಗೆ ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದು ಕೇಳಲಾಯಿತು, ಆತ ಕನಸಿನೊಳಗಿಂದಲೇ ಎರಡು ಸಲ ಕಣ್ಣಾಡಿಸಿ ಉತ್ತರ ಕೊಟ್ಟ. ನನ್ನ ಮಗಳಿಗೆ ಇದನ್ನು ಹೇಳಿದಾಗ, ನಿದ್ದೆಯಲ್ಲೂ ಲೆಕ್ಕ ಬಿಡುವುದಿಲ್ಲವಲ್ಲ ಎಂದು ಅವಳು ಬಹಳ ಬೇಸರಪಟ್ಟುಕೊಂಡಳು.

ಆರನೆಯ ಗಂಟೆಯೇ ಏಕೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ನಿದ್ದೆ ಒಂದೇ ಹದದಲ್ಲಿ ಸಾಗುವುದಿಲ್ಲ, ಸುಮಾರು 90 ನಿಮಿಷಗಳಿಗೊಂದು ಸುತ್ತು ಬರುತ್ತದೆ. ಮೊದಲ ಸುತ್ತುಗಳಲ್ಲಿ ಗಾಢನಿದ್ದೆಯೇ ಹೆಚ್ಚು, ರೆಮ್ ನಿದ್ದೆ ಕೆಲವೇ ನಿಮಿಷ. ಬೆಳಗು ಹತ್ತಿರವಾದಂತೆ ಗಾಢನಿದ್ದೆ ಕರಗಿ ರೆಮ್ ನಿದ್ದೆ ಉದ್ದವಾಗುತ್ತ ಹೋಗುತ್ತದೆ, ಕಡೆಯ ಸುತ್ತುಗಳಲ್ಲಿ ಅರ್ಧ ಗಂಟೆಯನ್ನೂ ಮುಟ್ಟುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ಊರಿನಲ್ಲಿ ಅಜ್ಜಿ ಹೇಳುತ್ತಿದ್ದದ್ದು ನಿಮ್ಮ ಮನೆಗಳಲ್ಲೂ ಇರಬಹುದು. ನಿಜವಾಗುವುದೋ ಬಿಡುವುದೋ, ಆ ಹೊತ್ತಿನ ಕನಸು ಉದ್ದವಾಗಿರುತ್ತದೆ, ಅದರ ನಡುವಿನಿಂದಲೇ ನಾವು ಏಳುವುದರಿಂದ ನೆನಪಿನಲ್ಲೂ ಉಳಿಯುತ್ತದೆ. ಅಜ್ಜಿ ಆರಿಸಿಕೊಂಡ ಹೊತ್ತನ್ನೇ ಪ್ರಯೋಗಾಲಯದವರೂ ಆರಿಸಿಕೊಂಡಿದ್ದಾರೆ.

ಈಗ ಆ್ಯಪಿನ ವಿಷಯಕ್ಕೆ ಬರೋಣ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಕೆನ್ ಪ್ಯಾಲರ್ ಮತ್ತು ಕ್ಯಾರೆನ್ ಕಾಂಕೊಲಿ ಮೊದಲಾದವರು ಪ್ರಯೋಗಾಲಯದ ವಿಧಾನವನ್ನೇ ಸರಳಗೊಳಿಸಿ ಫೋನಿಗೆ ಇಳಿಸಿ ನೋಡಿದ್ದಾರೆ, ಅದರ ಫಲಿತಾಂಶ 2024ರಲ್ಲಿ ಪ್ರಕಟವಾಗಿದೆ. ವಿಧಾನದಲ್ಲಿ ಎರಡು ಭಾಗಗಳಿವೆ ಮತ್ತು ಮೊದಲನೆಯದನ್ನು ಎಲ್ಲರೂ ಮರೆಯುತ್ತಾರೆ. ಮಲಗುವ ಮುನ್ನ ಆ ಸ್ವರಗಳನ್ನು ಮತ್ತೆ ಮತ್ತೆ ಕೇಳುತ್ತ, ಪ್ರತಿ ಸಲವೂ ನನ್ನ ಮನಸ್ಸಿನಲ್ಲಿ ಈಗ ಏನು ನಡೆಯುತ್ತಿದೆ, ಮೈಗೆ ಏನು ತಿಳಿಯುತ್ತಿದೆ, ಇದು ಕನಸಾಗಿರಬಹುದೇ ಎಂದು ಗಮನವಿಟ್ಟು ನೋಡಿಕೊಳ್ಳಬೇಕು. ಹೀಗೆ ಸ್ವರಕ್ಕೂ ಎಚ್ಚರಕ್ಕೂ ಗಂಟು ಬಿದ್ದ ಮೇಲೆ, ಆರು ಗಂಟೆ ಕಳೆದು ಅದೇ ಸ್ವರ ನಿದ್ದೆಯೊಳಗೆ ಕೇಳಿದಾಗ ಆ ಎಚ್ಚರವೂ ಅದರ ಹಿಂದೆಯೇ ಬರುತ್ತದೆ. ಮೊದಲ ಪ್ರಯೋಗದಲ್ಲಿದ್ದ 19 ಜನರಿಗೆ ಆ್ಯಪ್ ಬಳಸುವ ಮುಂಚಿನ ವಾರದಲ್ಲಿ ಸರಾಸರಿ 0.74ರಷ್ಟಿದ್ದ ಅರಿವುಗನಸು, ಬಳಸಿದ ವಾರದಲ್ಲಿ 2.11ಕ್ಕೆ ಏರಿತು. ಆಮೇಲೆ 112 ಜನರೊಂದಿಗೆ ಮಾಡಿದ ಪ್ರಯೋಗದಲ್ಲಿ, ಅಭ್ಯಾಸ ಮಾಡದ ಬೇರೆ ಸದ್ದಿಗಿಂತ ಅಭ್ಯಾಸ ಮಾಡಿದ ಸದ್ದೇ ಹೆಚ್ಚು ಫಲ ಕೊಟ್ಟಿತು. ಹತ್ತೊಂಬತ್ತು ಜನರ ಒಂದು ವಾರದ ಮಾತನ್ನು ಶಾಸನದಂತೆ ಕೆತ್ತಿಡಬೇಕಾಗಿಲ್ಲ, ಅವರೆಲ್ಲ ಮೊದಲೇ ಆಸಕ್ತಿ ಇದ್ದವರು, ಬೆಳಿಗ್ಗೆ ತಾವು ಕಂಡದ್ದನ್ನು ತಾವೇ ವರದಿ ಮಾಡಿದವರು. ಆದರೂ ಎರಡನೆಯ ಪ್ರಯೋಗ ನನಗೆ ಮುಖ್ಯವೆನಿಸುತ್ತದೆ, ಏಕೆಂದರೆ ಫಲ ಇರುವುದು ಸದ್ದಿನಲ್ಲಲ್ಲ, ಸದ್ದಿಗೆ ನಾವು ಕಟ್ಟಿಟ್ಟ ಗಂಟಿನಲ್ಲಿ ಎಂಬುದು ಅದರಿಂದ ಗೊತ್ತಾಗುತ್ತದೆ. ರಾತ್ರಿಯೆಲ್ಲ ಹೆಣ್ಣುದನಿಯೊಂದು "ನೀವು ಕನಸು ಕಾಣುತ್ತಿದ್ದೀರಿ" ಎಂದು ಪಿಸುಗುಟ್ಟುವ ಆ್ಯಪುಗಳು ಈ ಗಂಟನ್ನೇ ಕಟ್ಟಿರುವುದಿಲ್ಲ.

ಅಂತಹ ಒಂದಕ್ಕೆ ನಾನೂ ಮೂರು ತಿಂಗಳ ಚಂದಾ ಕಟ್ಟಿ ಕಳೆದುಕೊಂಡೆ. ಫೋನನ್ನು ಹಾಸಿಗೆಯ ಮೇಲಿಟ್ಟರೆ ಮೈಯ ಚಲನೆಯಿಂದಲೇ ನಿಮ್ಮ ರೆಮ್ ನಿದ್ದೆಯನ್ನು ಕಂಡುಹಿಡಿಯುತ್ತೇವೆ ಎಂದು ಅದರ ಜಾಹೀರಾತು ಹೇಳುತ್ತಿತ್ತು. ಪ್ರಯೋಗಾಲಯದಲ್ಲಿ ರೆಮ್ ನಿದ್ದೆಯನ್ನು ಗುರುತಿಸಲು ಮಿದುಳಿನ ಅಲೆ, ಕಣ್ಣಿನ ಚಲನೆ, ಗದ್ದದ ಸ್ನಾಯುವಿನ ಬಿಗಿ ಈ ಮೂರನ್ನೂ ಅಳೆಯುತ್ತಾರೆ. ರೆಮ್ ನಿದ್ದೆಯಲ್ಲಿ ಮೈ ಅಲುಗುವುದಿಲ್ಲ, ಗಾಢನಿದ್ದೆಯಲ್ಲೂ ಹೆಚ್ಚಾಗಿ ಅಲುಗುವುದಿಲ್ಲ, ಹೀಗಿರುವಾಗ ಹಾಸಿಗೆಯ ಮೇಲಿನ ಫೋನಿಗೆ ಯಾವುದು ಯಾವುದೆಂದು ತಿಳಿಯುವುದಾದರೂ ಹೇಗೆ? ನಮ್ಮ ಮನೆಯಲ್ಲಂತೂ ಒಂದೇ ಹಾಸಿಗೆಯ ಇನ್ನೊಂದು ಬದಿಗೆ ಮಗಳು ರಾತ್ರಿಯಿಡೀ ಕುಸ್ತಿ ಆಡುತ್ತಾಳೆ, ಆ್ಯಪ್ ನನ್ನ ಹೆಸರಿನಲ್ಲಿ ಬರೆದುಕೊಂಡದ್ದೆಲ್ಲ ಅವಳ ನಿದ್ದೆಯನ್ನೇ. ಸ್ಮಾರ್ಟ್ ಕೈಗಡಿಯಾರಗಳು ನಾಡಿಬಡಿತವನ್ನೂ ನೋಡುವುದರಿಂದ ಸ್ವಲ್ಪ ಮೇಲು, ಆದರೆ ಅವೂ ಅಂದಾಜಿನವೇ. ಮಲಗಿ ಆರು ಗಂಟೆಯಾಯಿತು, ಕನಸು ನಡೆಯುತ್ತಿರಬಹುದು ಎಂದು ಗಡಿಯಾರ ನೋಡಿ ಊಹಿಸುವ ಆ್ಯಪಿನಲ್ಲಿ ಪ್ರಾಮಾಣಿಕತೆ ಹೆಚ್ಚು.

ಇನ್ನು ಹಗಲಿನ ಅಭ್ಯಾಸ. ಇದು ಕನಸೇ ಎಂದು ಪರೀಕ್ಷಿಸಲು ಬಲ್ಲವರು ಕೆಲವು ಉಪಾಯಗಳನ್ನು ಹೇಳುತ್ತಾರೆ. ಯಾವುದಾದರೂ ಬರಹವನ್ನು ಓದಿ, ಕಣ್ಣು ತಿರುಗಿಸಿ, ಮತ್ತೆ ಓದಬೇಕು, ಕನಸಿನಲ್ಲಿ ಅಕ್ಷರಗಳು ಎರಡನೆಯ ಸಲಕ್ಕೆ ಬದಲಾಗಿಬಿಡುವುದು ಹೆಚ್ಚು. ಇಲ್ಲವೇ ಮೂಗನ್ನು ಎರಡು ಬೆರಳಿನಿಂದ ಹಿಡಿದು, ಬಾಯಿ ಮುಚ್ಚಿ, ಉಸಿರೆಳೆದು ನೋಡಬೇಕು, ಉಸಿರು ಬಂದರೆ ಅದು ಕನಸು. ದಿನಕ್ಕೆ ಹತ್ತು ಸಲ ಇದನ್ನು ಮಾಡುತ್ತಿದ್ದರೆ ಕನಸಿನಲ್ಲೂ ಕೈ ತಾನಾಗಿ ಮೂಗಿಗೆ ಹೋಗುತ್ತದೆ. ನಾನು ಇದನ್ನು ನಿಷ್ಠೆಯಿಂದ ಮಾಡಿದೆ, ಆ್ಯಪಿನ ಅಭ್ಯಾಸವನ್ನು ಶನಿವಾರ ರಾತ್ರಿಗಳಿಗೆ ಮಾತ್ರ ಇಟ್ಟುಕೊಂಡೆ, ಏಕೆಂದರೆ ಭಾನುವಾರ ಒಂದೇ ದಿನ ನನಗೆ ಏಳು ಗಂಟೆಯವರೆಗೆ ಮಲಗುವ ಹಕ್ಕಿದೆ. ಮೊದಲ ಶನಿವಾರ ಮೂರು ಸ್ವರಗಳಿಗೆ ಎಚ್ಚರವಾದದ್ದು ಅಮ್ಮನಿಗೆ. ಹಾಲಿನವನು ಹೊಸ ಗಂಟೆ ಹಾಕಿಸಿಕೊಂಡಿದ್ದಾನೆ ಎಂದುಕೊಂಡು ಅವರು ಪಾತ್ರೆ ಹಿಡಿದು ಬಾಗಿಲು ತೆರೆದು ಕತ್ತಲಿನಲ್ಲಿ ನಿಂತಿದ್ದರು. ಅದಾದ ಮೇಲೆ ಸದ್ದನ್ನು ಎಷ್ಟು ಇಳಿಸಿದೆನೆಂದರೆ ಮೂರು ವಾರ ಯಾರಿಗೂ ಏನೂ ಕೇಳಿಸಲಿಲ್ಲ, ನನಗೂ ಸೇರಿ.

ಐದನೆಯ ವಾರ ಅದು ಆಯಿತು. ದಾದರ್ ಸ್ಟೇಷನ್ನಿನ ಮೇಲ್ಸೇತುವೆಯಿಂದ ಇಳಿಯುತ್ತಿದ್ದೇನೆ, ಎಂದಿನಂತೆ ಜನ, ಎಂದಿನಂತೆ ಹೂವಿನ ಬುಟ್ಟಿಗಳ ನೀರು ಮೆಟ್ಟಿಲ ಮೇಲೆ ಚೆಲ್ಲಿದೆ. ಎಲ್ಲಿಂದಲೋ ಮೂರು ಸ್ವರ ಕೇಳಿ ತಲೆ ಎತ್ತಿ ಇಂಡಿಕೇಟರ್ ನೋಡಿದೆ. ಅದರಲ್ಲಿ ಕೆಂಪು ಅಕ್ಷರಗಳಲ್ಲಿ "ಕುಂದಾಪುರ, ಸ್ಲೋ, 3 ನಿಮಿಷ" ಎಂದು ಬರೆದಿತ್ತು. ಮುಂಬಯಿ ಲೋಕಲ್ ಕುಂದಾಪುರಕ್ಕೆ ಹೋಗುವುದು ನನಗೆ ವಿಚಿತ್ರವೆನಿಸಲಿಲ್ಲ, ಸ್ಲೋ ಗಾಡಿಯಾದರೆ ತಲುಪುವುದು ತಡವಾಗುತ್ತದಲ್ಲ ಎಂದು ಮಾತ್ರ ಅನ್ನಿಸಿತು. ಆಮೇಲೆ ಹೊಳೆಯಿತು, ಆ ಅಕ್ಷರಗಳು ಕನ್ನಡದವು. ಇಪ್ಪತ್ತು ವರ್ಷಗಳಿಂದ ಆ ಹಲಗೆಯನ್ನು ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ನೋಡುತ್ತ ಬಂದವನು ನಾನು, ದಾದರಿನ ಇಂಡಿಕೇಟರ್ ಕನ್ನಡ ಬರೆಯುತ್ತದೆಂದರೆ ಇದು ಕನಸೇ ಆಗಿರಬೇಕು. ಆ ಕ್ಷಣದ ಬೆಳಕನ್ನು ಹೇಗೆ ಹೇಳಲಿ? ಸೇತುವೆಯ ಕಂಬಿ ಕೈಗೆ ತಣ್ಣಗೆ ತಾಗುತ್ತಿತ್ತು, ಜನರ ಮುಖಗಳು ಒಂದೊಂದಾಗಿ ಸ್ಪಷ್ಟವಾಗಿದ್ದವು, ಅವರನ್ನೆಲ್ಲ ನನ್ನ ತಲೆಯೇ ಕಟ್ಟಿ ನಿಲ್ಲಿಸಿದೆ ಎಂಬುದೂ ನನಗೆ ಗೊತ್ತಿತ್ತು. ಅಲ್ಲಿ ರಥಗಳಿಲ್ಲ, ದಾರಿಗಳಿಲ್ಲ, ಕನಸು ಕಾಣುವವನೇ ಅವನ್ನು ಸೃಷ್ಟಿಸಿಕೊಳ್ಳುತ್ತಾನೆ ಎಂದು ಯಾಜ್ಞವಲ್ಕ್ಯನು ಜನಕನಿಗೆ ಹೇಳಿದ್ದನ್ನು ಹಿಂದೆ ಯಾರದೋ ಪ್ರವಚನದಲ್ಲಿ ಕೇಳಿ ತಲೆದೂಗಿದ್ದೆ, ಅದು ಅರ್ಥವಾದದ್ದು ಆ ಮೆಟ್ಟಿಲಿನ ಮೇಲೆ. ಕನಸು ಕದಡುವಾಗ ಅಂಗೈಗಳನ್ನು ಉಜ್ಜಿಕೊಂಡರೆ ಅದು ಇನ್ನಷ್ಟು ಹೊತ್ತು ನಿಲ್ಲುತ್ತದೆ ಎಂದು ಓದಿದ್ದೆ, ಆದರೆ ಸಂತೋಷದಲ್ಲಿ ಮರೆತೆ. ಹತ್ತು ಎಣಿಸುವಷ್ಟರಲ್ಲಿ ಕಣ್ಣು ತೆರೆಯಿತು, ಮೇಲೆ ಫ್ಯಾನು ತಿರುಗುತ್ತಿತ್ತು.

ಹೀಗಿರುವಾಗ ವಾರದ ಉಳಿದ ರಾತ್ರಿಗಳಲ್ಲೂ ಏಕೆ ಬಳಸುವುದಿಲ್ಲ ಎಂದು ನೀವು ಕೇಳಬಹುದು. ನನ್ನ ಕಚೇರಿಯ ಮೊದಲ ಪಾಳಿ ಏಳೂವರೆಗೆ ಶುರು. ರಾತ್ರಿ ಮನೆ ಸೇರಿ, ಊಟ ಮಾಡಿ, ಮಗಳ ಪುಸ್ತಕ ನೋಡಿ ಮಲಗುವಾಗ ಪೌನೆ ಹನ್ನೆರಡು, ಅಂದರೆ ಹನ್ನೊಂದು ಮುಕ್ಕಾಲು. ಆರನೆಯ ಗಂಟೆ ಬರುವಾಗ ನಾನು ಹಾಸಿಗೆಯಲ್ಲಿಲ್ಲ, ದಿವಾ ದಾಟಿ ಮುಂಬ್ರಾ ಕಡೆಗೆ ಹೋಗುವ ಗಾಡಿಯಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು ನೇತಾಡುತ್ತಿರುತ್ತೇನೆ. ಕನಸುಗಳ ಅತ್ಯಂತ ಉದ್ದನೆಯ ಭಾಗ ಶುರುವಾಗುವ ಹೊತ್ತಿಗೆ ಸರಿಯಾಗಿ ನಾವು ಏಳುತ್ತೇವೆ, ಕಲ್ಯಾಣ, ಡೊಂಬಿವಲಿ, ವಸಾಯಿ, ವಿರಾರುಗಳ ಲಕ್ಷಾಂತರ ಜನರ ಪಾಡು ಇದೇ. ನಮ್ಮ ಅಪ್ಪನದು ಇನ್ನೂ ಬಿಗಿಯಾದ ಲೆಕ್ಕ. ಮಾಟುಂಗದ ಹೋಟೆಲೊಂದರಲ್ಲಿ ಹಗಲು ದುಡಿದು, ರಾತ್ರಿ ಕನ್ನಡ ಶಾಲೆಗೆ ಹೋಗಿ, ಶಟರ್ ಎಳೆದ ಮೇಲೆ ಮೇಜುಗಳನ್ನು ಜೋಡಿಸಿ ಮಲಗಿ, ನಾಲ್ಕು ಗಂಟೆಗೆ ಇಡ್ಲಿಯ ಹಬೆಗೆ ಏಳುತ್ತಿದ್ದ ತಲೆಮಾರು ಅದು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವ ಗಾದೆಯನ್ನು ಅವರು ಬಹಳ ಹೇಳುತ್ತಿದ್ದರು. ಕನಸು ಬೀಳುತ್ತಿತ್ತೇ ಎಂದು ಒಮ್ಮೆ ಕೇಳಿದಾಗ, ಬೀಳಲು ಪುರುಸೊತ್ತು ಎಲ್ಲಿತ್ತು ಎಂದರು. ಅದನ್ನು ತಮಾಷೆ ಎಂದುಕೊಂಡಿದ್ದೆ, ರೆಮ್ ನಿದ್ದೆಯ ಲೆಕ್ಕ ಓದಿದ ಮೇಲೆ ಅದು ಸರಿಯಾದ ಉತ್ತರವೆಂದೇ ತೋರಿತು.

ಸದ್ದನ್ನು ನಾಲ್ಕನೆಯ ಗಂಟೆಗೆ ಹಿಂದೂಡಿದರಾಯಿತು ಎಂದು ಕೆಲವರು ಸಲಹೆ ಕೊಡುತ್ತಾರೆ. ಐದೂಕಾಲು ಗಂಟೆಯ ನಿದ್ದೆಯನ್ನು ನಡುವೆ ಅಲುಗಿಸಿ ಕನಸಿಗೆ ಹೊಂಚುಹಾಕುವುದು ನನ್ನ ದೃಷ್ಟಿಯಲ್ಲಿ ಮೂರ್ಖತನ. ನಿದ್ದೆ ಕೆಟ್ಟವನಿಗೆ ಹಗಲು ಬಾಗಿಲ ಬಳಿ ನಿಂತು ಪ್ರಯಾಣ ಮಾಡುವುದಿರುತ್ತದೆ. ನಡುರಾತ್ರಿ ಎದ್ದು ಮತ್ತೆ ಮಲಗುವ ವಿಧಾನಗಳಲ್ಲಿ ಮನಸ್ಸು ಎಚ್ಚರವಾಗಿ ಮೈ ಮಾತ್ರ ಕಟ್ಟಿಹಾಕಿದಂತೆ ಉಳಿಯುವ ಸ್ಥಿತಿಯೂ ಬರಬಹುದು. ಎದೆಯ ಮೇಲೆ ಏನೋ ಕುಳಿತಂತಾಗುವ ಅದಕ್ಕೆ ನಮ್ಮ ಕಡೆ ದೆವ್ವ ಅಮುಕಿತು ಎನ್ನುತ್ತಾರೆ, ಅದು ಅಪಾಯವಲ್ಲದಿದ್ದರೂ ಮೊದಲ ಸಲ ಅನುಭವಿಸುವವರ ಜೀವ ಹಾರಿಹೋಗುತ್ತದೆ. ಕನಸಿಗೂ ಎಚ್ಚರಕ್ಕೂ ನಡುವಿನ ಗೆರೆ ಮೊದಲೇ ಮಸುಕಾಗಿ ಚಿಕಿತ್ಸೆ ಪಡೆಯುತ್ತಿರುವವರು ವೈದ್ಯರನ್ನು ಕೇಳದೆ ಇದರ ಗೋಜಿಗೆ ಹೋಗಬಾರದು. ಇನ್ನು ಗ್ಯಾಲಂಟಮೀನ್ ಎಂಬ ಮಾತ್ರೆ. 2018ರ ಅಧ್ಯಯನವೊಂದರಲ್ಲಿ 121 ಜನರ ಪೈಕಿ 8 ಮಿಲಿಗ್ರಾಂ ನುಂಗಿದ ರಾತ್ರಿ 42 ಪ್ರತಿಶತ ಜನರಿಗೆ, ಖಾಲಿ ಮಾತ್ರೆ ನುಂಗಿದ ರಾತ್ರಿ 14 ಪ್ರತಿಶತ ಜನರಿಗೆ ಅರಿವುಗನಸು ಬಿದ್ದದ್ದು ನಿಜ, ಆದರೆ ಅದು ಮರೆವಿನ ಕಾಯಿಲೆಗೆ ಕೊಡುವ ಔಷಧಿ. ಭಾನುವಾರದ ಒಂದು ಕನಸಿಗಾಗಿ ನಾನಂತೂ ಅದನ್ನು ಮುಟ್ಟಲಾರೆ.

ಹಾಗಾಗಿ ಶನಿವಾರ ಮಾತ್ರ ಎಂಬ ನಿಯಮ ಮಾಡಿಕೊಂಡೆ. ಆದರೆ ಕಳೆದ ಸೋಮವಾರ ಆ್ಯಪನ್ನು ಆಫ್ ಮಾಡುವುದನ್ನು ಮರೆತಿದ್ದೆ. ಬೆಳಿಗ್ಗೆ ಪೌನೆ ಆರಕ್ಕೆ, ದಿವಾದಲ್ಲಿ ಹತ್ತಿದ ಜನ ಒತ್ತರಿಸಿ ನಿಂತ ಮೇಲೆ, ನನ್ನ ಅಂಗಿಯ ಜೇಬಿನಿಂದ ಮೂರು ಸ್ವರ ಕೇಳಿಸಿತು. ಯೋಚಿಸುವ ಮುನ್ನವೇ ತಲೆ ಎತ್ತಿ ಕಿಟಕಿಯ ಮೇಲಿನ ಜಾಹೀರಾತನ್ನು ಓದಿದೆ, ಕಣ್ಣು ತಿರುಗಿಸಿ ಮತ್ತೆ ಓದಿದೆ. ಮೂಲವ್ಯಾಧಿಯ ಆಸ್ಪತ್ರೆಯದು, ಎರಡು ಸಲವೂ ಮರಾಠಿಯಲ್ಲೇ ಇತ್ತು. ಅಷ್ಟರಲ್ಲಿ ಬಲಗೈ ತಾನಾಗಿ ಮೂಗು ಹಿಡಿದಿತ್ತು. ಉಸಿರು ಬರಲಿಲ್ಲ. ಪಕ್ಕದಲ್ಲಿ ನನಗೆ ಒತ್ತಿಕೊಂಡೇ ನಿಂತಿದ್ದ ವೃದ್ಧರೊಬ್ಬರು ನನ್ನ ಮುಖ ನೋಡಿ, ತಮ್ಮ ಊಟದ ಚೀಲವನ್ನೊಮ್ಮೆ ನೋಡಿಕೊಂಡು, ಬಹಳ ಸಂಕೋಚದಿಂದ "ವಾಸ್ ಯೇತೋಯ್ ಕಾ?" ಎಂದು ಕೇಳಿದರು. ವಾಸನೆ ಬರುತ್ತಿಲ್ಲ ಕಾಕಾ, ಎಚ್ಚರವಾಗಿದ್ದೇನೆಯೋ ಎಂದು ನೋಡಿಕೊಂಡೆ, ಎಂದು ಮರಾಠಿಯಲ್ಲಿ ಹೇಳಿದೆ. ಅವರು ಸ್ವಲ್ಪ ಯೋಚಿಸಿ, ಥಾಣೆ ಸ್ಟೇಷನ್ನಿನಲ್ಲಿ ಇಳಿಯುವುದಿದ್ದರೆ ಎಚ್ಚರಿಸುತ್ತೇನೆ, ಅಲ್ಲಿಯವರೆಗೆ ಒರಗಿಕೊಳ್ಳಿ ಎಂದು ಭುಜವನ್ನು ಸ್ವಲ್ಪ ಈಚೆಗೆ ಕೊಟ್ಟರು.